ಮೂವತ್ತೆರಡು ಲೀಟರ್

ನವೆಂಬರ್ ೧೪, ಗುರುವಾರ. ಮಗಳ ಮನೆ.

ಬೆಳಗಿನ ಜಾವ, ನಮ್ಮೂರಿಂದ ಹೊರಡುವ ಮೊದಲೇ, ಕೆಟ್ಟ ಕನಸು. ಎಷ್ಟು ಡೀಸೆಲ್ ಸುರಿದರೂ ಟ್ಯಾಂಕು ತುಂಬುತ್ತಿಲ್ಲ, ಪಕ್ಕದಲ್ಲಿ ಅಳಿಯ ಕೈಕಟ್ಟಿ ನಿಂತಿದ್ದಾನೆ. ಹೋದ ಸಲ ಅವನೇ ಹೇಳಿದ್ದು, "ಮಾವ, ಈ ಗಾಡಿ ಲೀಟರಿಗೆ ಇಪ್ಪತ್ತು ಕೊಡದಿದ್ರೆ ಮಾರಿಬಿಡಿ" ಅಂತ. ಹದಿನಾರು ವರ್ಷ ಜೊತೆಗಿರುವ ಗಾಡಿ. ಎದ್ದವನೇ ಚಕ್ರ ತಣ್ಣಗಿರುವಾಗಲೇ ಗಾಳಿ ನೋಡಿದೆ, ಮೇಲಿನ ಖಾಲಿ ಕ್ಯಾರಿಯರ್ ಬಿಚ್ಚಿಟ್ಟೆ, ಟ್ಯಾಂಕನ್ನು ಬಾಯಿತನಕ ತುಂಬಿಸಿದೆ. ದಾರಿಯುದ್ದಕ್ಕೂ ಎಂಬತ್ತು ದಾಟಲಿಲ್ಲ. ಲಾರಿಗಳೂ ನಮ್ಮನ್ನು ಹಿಂದೆ ಹಾಕಿದವು.

"ರೀ, ಗಾಡಿ ಓಡಿಸ್ತಿದ್ದೀರೋ, ತೊಟ್ಟಿಲು ತೂಗ್ತಿದ್ದೀರೋ?" ಅಂದಳು ಇವಳು. ಅಂದವಳು ತೊಟ್ಟಿಲ ಕೂಸಿನ ಹಾಗೇ ನಿದ್ದೆಹೋದಳು.

ಮಗಳ ಊರು ಮುಟ್ಟಿ ಮತ್ತೆ ಬಾಯಿತನಕ ತುಂಬಿಸಿದಾಗ ಹಿಡಿದದ್ದು ಮೂವತ್ತೆರಡು ಲೀಟರ್. ಓಡಿದ್ದು ಏಳುನೂರ ಹನ್ನೆರಡು ಕಿಲೋಮೀಟರ್. ಭಾಗಿಸಿದರೆ ಇಪ್ಪತ್ತೆರಡು ಚಿಲ್ಲರೆ. ಎದೆ ಹಗುರಾಯಿತು. ಊಟವೂ ರುಚಿಸಿತು. ಆದರೆ ಭಾಗಾಕಾರ ಶುರುವಾದ ವರ್ಷವೇ ಶಾಲೆ ಬಿಟ್ಟವನು ನಾನು. ಮೂರು ಸಲ ಮಾಡಿದೆ, ಮೂರು ಸಲವೂ ಅದೇ ಬಂತು. ತಪ್ಪೂ ಮೂರು ಸಲ ಒಂದೇ ಥರ ಬರಬಹುದಲ್ಲ. ಬೆಳಿಗ್ಗೆ ಮಗಳ ಕೈಗೆ ಈ ಪುಟ ಕೊಟ್ಟು ಹೇಳಬೇಕು: ಅಳಿಯ ಏಳೋದರೊಳಗೆ ಇದನ್ನೊಂದು ಸಲ ಭಾಗಿಸಿ ನೋಡಮ್ಮ.