ಬಾಗಿಲ ಮುಂದೆ ನಿಮ್ಮ ತಮ್ಮ

ಮಾರ್ಚ್ ೧೪

ಪ್ರೀತಿಯ ಅತ್ತಿಗೆ,

ನಮಸ್ಕಾರ. ನಿಮ್ಮ ಮಂಡಿನೋವು ಹೇಗಿದೆ? ಫೋನಿನಲ್ಲಿ ಮಾತಾಡಿದರೆ ನಿಮ್ಮ ತಮ್ಮನ ಕಿವಿಗೆ ಬೀಳುತ್ತದೆ, ಅದಕ್ಕೇ ಕಾಗದ. ಬರೆಯೋಣವೆಂದು ಎಷ್ಟೋ ದಿನದಿಂದ ಕೂತು ಕೂತು ಏಳುತ್ತಿದ್ದೇನೆ, ತಡವಾಯಿತೆಂದು ಬೈಯಬೇಡಿ.

ನಾವಿಬ್ಬರೂ ಸೇರಿ ಮಾಡುತ್ತಿರುವ ಆಟದ ವಿಷಯ ಹೇಳಿದ್ದೆನಲ್ಲ. ದಪ್ಪ ಕನ್ನಡಕದಂಥ ಹೆಡ್‌ಸೆಟ್ ಕಟ್ಟಿಕೊಂಡರೆ ಸುತ್ತ ಬೇರೊಂದು ಲೋಕ: ಖಾಲಿ ಮನೆ, ಒಂದೇ ಬಾಗಿಲು. ಗೆಲುವಿಲ್ಲ, ಸೋಲಿಲ್ಲ. "ಯಾಕೆ ವಾಪಸ್ ಹೋಗಬೇಕು?" ಎಂದು ಬಾಗಿಲು ಕೇಳುತ್ತದೆ, ಬಾಯಿಬಿಟ್ಟು ಉತ್ತರ ಹೇಳಿದರೆ ಮಾತ್ರ ಬಿಡುತ್ತದೆ. ಬದುಕಿಗೆ ಅರ್ಥವನ್ನು ನಾವೇ ಕೊಟ್ಟುಕೊಳ್ಳಬೇಕು ಎನ್ನುವ ತತ್ವವನ್ನು ಆಟ ಮಾಡುವ ಹುಚ್ಚು ನನ್ನದು. ಸುಮ್ಮನೆ ಒತ್ತಿ ಆಚೆ ಬರಲು ಇದ್ದ ಗುಂಡಿಯನ್ನು ಹಟ ಹಿಡಿದು ತೆಗೆಸಿದವಳೂ ನಾನೇ.

ಆಟವನ್ನು ಪರೀಕ್ಷಿಸಲು ಕೂತ ಆಫೀಸಿನವರು ನಮ್ಮನ್ನು ನಗಿಸಿದ್ದೇ ನಗಿಸಿದ್ದು. ಚಿತ್ರ ಬರೆಯುವವಳು, "ಹೊಟ್ಟೆ ಚುರುಗುಡ್ತಿದೆ ಕಣಪ್ಪ, ಬಿಡು" ಅಂದಳು. ಲೆಕ್ಕ ನೋಡುವವರು, "ಬಸ್ ತಪ್ಪಿದ್ರೆ ನೀನು ಬಿಟ್ಟುಬರ್ತೀಯಾ ಮನೆಗೆ?" ಎಂದು ಬಾಗಿಲನ್ನೇ ದಬಾಯಿಸಿದರು. ಇಬ್ಬರಿಗೂ ತೆರೆಯಿತು.

ಆಮೇಲೆ ನಿಮ್ಮ ತಮ್ಮನ ಸರದಿ. ಆಡುವವರು ಎಡವದಂತೆ ಒಬ್ಬರು ತೋಳು ಹಿಡಿದು ನಿಂತಿರಬೇಕು, ಆದರೆ ತುಟಿಪಿಟಕ್ಕೆನ್ನಬಾರದು; ಅದು ನಮ್ಮಲ್ಲಿಯ ಕಟ್ಟುಪಾಡು. ನಾನೇ ಹಿಡಿದಿದ್ದೆ. ಬಾಗಿಲು ಕೇಳಿತು. ಅವರು ಮಾತಾಡಲಿಲ್ಲ. ಮತ್ತೆ ಮತ್ತೆ ಕೇಳಿತು. ಕಡೆಗೆ ನಾನೇ ಹೆಡ್‌ಸೆಟ್ ಕಿತ್ತು ತೆಗೆದೆ. "ಯಾಕೆ ತೆಗೆದೆ? ಚೆನ್ನಾಗಿತ್ತು" ಎಂದರು, ಅಷ್ಟೇ.

ಈಗ ದಿನಾ ಎಲ್ಲರಿಗಿಂತ ಮೊದಲೇ ಆಫೀಸಿಗೆ ಹೋಗಿ ಒಬ್ಬರೇ ಹೆಡ್‌ಸೆಟ್ ಕಟ್ಟಿಕೊಂಡು ಕೂತಿರುತ್ತಾರೆ. ನಾನು ಹೋಗಿ ಬಿಚ್ಚಬೇಕು. ಮನೆಯಲ್ಲಿ ಏನು ಕೇಳಿದರೂ ಹೂಂ, ಉಹೂಂ. ಇಷ್ಟಪಟ್ಟು ಕೊಂಡ ಕ್ಯಾಮೆರಾ, ಪುಸ್ತಕಗಳನ್ನೆಲ್ಲ ಅವರಿವರಿಗೆ ಕೊಟ್ಟುಬಿಡುತ್ತಿದ್ದಾರೆ. ಡಾಕ್ಟರ ಹತ್ತಿರ ಹೋಗೋಣವೆಂದರೆ, "ನಂಗೇನಾಗಿದೆ?" ಎಂದು ನಗುತ್ತಾರೆ. ನಿಮ್ಮ ಮಾತನ್ನು ಅವರು ಎಂದೂ ತೆಗೆದುಹಾಕಿದವರಲ್ಲ. ಏನಾದರೊಂದು ನೆಪ ಹೇಳಿ ಬೇಗ ಬನ್ನಿ. ಇಬ್ಬರೂ ಸೇರಿ ಕರೆದುಕೊಂಡು ಹೋಗೋಣ.

ಮಕ್ಕಳಿಗೆ ನನ್ನ ಮುದ್ದು. ನಿಮ್ಮ ಆಶೀರ್ವಾದ ನನಗಿಂತ ಹೆಚ್ಚಾಗಿ ನಿಮ್ಮ ತಮ್ಮನ ಮೇಲಿರಲಿ.

ನಿಮ್ಮ
ಚೂಟಿ

ತಾ.ಕ.: ಇದನ್ನು ಬರೆಯಬಾರದು ಎಂದುಕೊಂಡಿದ್ದೆ. ಆ ಬಾಗಿಲನ್ನು ಮಾಡಿದವರು ನಿಮ್ಮ ತಮ್ಮನೇ. ಅದಕ್ಕೆ ನಿಜ, ಸುಳ್ಳು ತಿಳಿಯುವುದಿಲ್ಲ. ಯಾವ ಮಾತಾಡಿದರೂ ತೆರೆಯುತ್ತದೆ. ಅದು ಅವರಿಗೆ ಚೆನ್ನಾಗಿ ಗೊತ್ತು. ನಾನು ತೋಳು ಹಿಡಿದು ಪಕ್ಕದಲ್ಲೇ ನಿಂತಿದ್ದೆ. ಸುಳ್ಳಿಗಾದರೂ ನನ್ನ ಹೆಸರು ಹೇಳಲಿಲ್ಲ ಅತ್ತಿಗೆ.