ಬಾಗಿಲಿಗೆ ಅಂಟಿಸಿದ ಸಾವು

ಸುಹೋಡೋಲ್,
ನವೆಂಬರ್ 18, ಶುಕ್ರವಾರ ಬೆಳಿಗ್ಗೆ

ಬದುಕಿರುವ ನನ್ನ ಅಕ್ಕ ಯೊರ್ದಾನಾಗೆ,

ಹೀಗೆ ಬರೆದದ್ದಕ್ಕೆ ನಗಬೇಡ. ಎರಡು ವರ್ಷದಿಂದ ನಿನಗಾಗಿ ಕಪ್ಪು ಉಟ್ಟಿದ್ದೇನೆ, ನಿನ್ನ ಆತ್ಮಕ್ಕೆಂದು ಗೋಧಿ ಬೇಯಿಸಿ, ತಿನ್ನುವವರಿಲ್ಲದೆ ಗುಬ್ಬಿಗಳಿಗೆ ಹಾಕಿದ್ದೇನೆ.

ನಿನ್ನೆ ಫೋನಿನಲ್ಲಿ ಕೂಗಾಟ ಕೇಳಿ ನೀನು ಹೆದರಿರುತ್ತೀಯ. ನಾನು ಚೆನ್ನಾಗಿದ್ದೇನೆ. ನಮ್ಮ ಗೆಳತಿ ವೆಲಿಕಾ ಮನೆಯಿಂದ ಮಾತಾಡಬಹುದಿತ್ತು, ಆದರೆ ಇದು ಬಾಯಿಬಿಟ್ಟು ಹೇಳುವ ವಿಷಯವಲ್ಲ. ಅದಕ್ಕೇ ಊಟದ ಡಬ್ಬಿ ತರುವ ಪೆನಾಳ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ.

ಎರಡು ವರ್ಷಕ್ಕೂ ಹಿಂದೆ, ನನ್ನ ಮಗ ಮಿಲ್ಕೋ ನನ್ನನ್ನು ಹೊಡೆಯುತ್ತಾನೆಂದು ತಿಳಿದು ನೀನು ನಿನ್ನೂರು ರೂಸೆಗೆ ಕರೆದೊಯ್ಯಲು ಬಂದೆ. ಅವನು ಹುಲ್ಲಿನ ಕವೆಗೋಲು ಹಿಡಿದು ನಿನ್ನನ್ನು ಬಸ್ಸಿನವರೆಗೂ ಅಟ್ಟಿದ. ಹಿಂದಿರುಗಿದವನೇ ಫೋನಿನ ತಂತಿ ಕಿತ್ತ. ಬೊಗಳಿದ ನಾಯಿಯ ತಲೆಯನ್ನು ಸಲಿಕೆಯಲ್ಲಿ ಒಡೆದ. ನನ್ನ ಎರಡು ಬೆರಳು ಮುರಿದದ್ದೂ ಅವತ್ತೇ. ಆಮೇಲೆ ಗೇಟು ದಾಟಲು ಬಿಡಲಿಲ್ಲ. ನಾನು ಹೋದರೆ ಅವನಿಗೆ ಬೇಯಿಸಿ ಹಾಕುವವರು ಯಾರು? ನಿನ್ನ ಹೆಸರೆತ್ತಿದಾಗಲೆಲ್ಲ ಒದೆ. ಆದರೂ ಎತ್ತುತ್ತಿದ್ದೆ.

ಒಂದು ದಿನ ಅಡುಗೆಮನೆಯ ಬಾಗಿಲಿಗೆ ಸಾವಿನ ಕಾಗದ ಅಂಟಿಸಿದ್ದ. ಕಪ್ಪು ಅಂಚು, ನಿನ್ನ ಫೋಟೋ, ಹೆಸರು, ತಾರೀಖು. ಮರ, ಕಂಬ, ಬೇಲಿಯ ಮೇಲೆಲ್ಲ ಸತ್ತವರ ಮುಖ ನೋಡುತ್ತಲೇ ಬೆಳೆದವರು ನಾವು. ಅಂಥ ಕಾಗದವನ್ನು ಯಾರು ಅನುಮಾನಿಸುತ್ತಾರೆ? ಗೇಟಿನ ಹೊರಗೆ ಯಾಕೆ ಅಂಟಿಸಲಿಲ್ಲ ಎಂದು ಕೇಳಲೂ ಹೊಳೆಯಲಿಲ್ಲ. ದಡ್ಡಿ ನಾನು. ಊರಿಗೆಲ್ಲ ಅವನು, ಅಮ್ಮನಿಗೆ ಅಕ್ಕನ ಮುಖ ನೋಡುವ ಮನಸ್ಸಿಲ್ಲ ಎಂದು ಹೇಳಿಕೊಂಡು ಬಂದಿದ್ದನಂತೆ.

ಈ ಸೆಪ್ಟೆಂಬರಿನಿಂದ ನನ್ನ ಕೈಯಲ್ಲಿ ಬಾಣಲೆ ಎತ್ತಲಾಗುತ್ತಿಲ್ಲ. ಪಂಚಾಯ್ತಿಯವರು ಮುದುಕರಿಗೆ ಕಳಿಸುವ ಊಟದ ಡಬ್ಬಿ ತರಿಸಲು ಮಿಲ್ಕೋನೇ ಒಪ್ಪಿದ. ಅರ್ಧ ಅವನೇ ತಿನ್ನುತ್ತಿದ್ದ. ಡಬ್ಬಿ ತರುವವಳು ಪೆನಾ, ಅರವತ್ತರ ಹತ್ತಿರದ ಗಟ್ಟಿ ಬಾಯಿಯ ಹೆಂಗಸು. ಮುದುಕರು ಉಣ್ಣುವಾಗ ತನ್ನ ಫೋನನ್ನು ಉಪ್ಪಿನ ಡಬ್ಬಿಗೆ ಒರಗಿಸಿ, ಅವರ ಮಗಳನ್ನೋ ಗೆಳತಿಯನ್ನೋ ವಿಡಿಯೋದಲ್ಲಿ ಕರೆದು ಎದುರಿಗೆ ಕೂರಿಸುತ್ತಾಳೆ. ಒಬ್ಬರೇ ಉಂಡರೆ ಸೂಪು ಗಂಟಲಲ್ಲಿ ಇಳಿಯುವುದಿಲ್ಲವಂತೆ.

ಬುಧವಾರ ನಿನ್ನ ಎರಡನೇ ವರ್ಷದ ಗೋಧಿಯನ್ನು ಅವಳ ಅಂಗೈಗೆ ಹಾಕಿದೆ. ಯಾರ ಹೆಸರಿನದು ಎಂದಳು. ಬಾಗಿಲು ತೋರಿಸಿದೆ. ಓದಿದವಳು ಗೋಧಿಯನ್ನು ಬಾಯಿಗೆ ಹಾಕಲೇ ಇಲ್ಲ.

"ಈ ಯೊರ್ದಾನಾ ಸೋಮವಾರ ವೆಲಿಕಾ ಜೊತೆ ಮುಕ್ಕಾಲು ಗಂಟೆ ಹರಟೆ ಹೊಡ್ದಿದಾಳೆ ಕಣಮ್ಮಾ. ಫೋನ್ ಹಿಡ್ಕೊಂಡಿದ್ದೇ ನಾನು" ಎಂದಳು.

ನಾಳೆ ನನ್ನೆದುರಿಗೂ ಅವಳನ್ನು ಕೂರಿಸು ಎಂದೆ.

ನಿನ್ನೆ ಮಧ್ಯಾಹ್ನ, ಮಿಲ್ಕೋ ದ್ರಾಕ್ಷಿ ತೋಟಕ್ಕೆ ಹೋಗಿದ್ದಾನೆಂದು ನಂಬಿ ನಿನ್ನನ್ನು ಕರೆದೆವು. ನಿನ್ನ ಮುಖ ಕಂಡಿತು. ಯಾಕೇ ಇಷ್ಟು ಸೊರಗಿದ್ದೀಯ ಎಂದೆ ನೀನು. ಉತ್ತರ ಕೊಡುವ ಮೊದಲೇ ಅವನು ಒಳಗಿದ್ದ. ಫೋನನ್ನು ಗೋಡೆಗೆ ಹೊಡೆದ. ಪೆನಾಳ ಕೂದಲು ಹಿಡಿದು ಮುಖವನ್ನು ಮೇಜಿಗೆ ಜಜ್ಜಿದ, ಒಂದು ಸಲವಲ್ಲ. ಸೂಪಿನ ತುಂಬ ರಕ್ತ. ಅವಳನ್ನು ನೆಲಮಾಳಿಗೆಗೆ ಎಳೆದೊಯ್ದು ಚಳಿಗಾಲಕ್ಕೆಂದು ಉಪ್ಪುನೀರಲ್ಲಿ ಹಾಕಿಟ್ಟ ಕೋಸಿನ ಪೀಪಾಯಿಗೆ ಒತ್ತಿ ಕತ್ತು ಹಿಸುಕತೊಡಗಿದ.

"ಮಾತು ಬೇಕಾ ಮುದ್ಕೀರಿಗೆ, ಮಾತು?" ಎನ್ನುತ್ತಿದ್ದ.

ನಾನೂ ಹಿಂದೆಯೇ ಇಳಿದೆ. ಸ್ವಲ್ಪ ಹೊತ್ತಿಗೆ ಗಲಾಟೆ ನಿಂತಿತು. ಅಷ್ಟು ಸಾಕು.

ಪೆನಾಗೆ ಮೂರು ಹಲ್ಲು ಹೋಗಿದೆ, ರೂಸೆಗೇ ವೈದ್ಯರ ಬಳಿ ಬರುತ್ತಿದ್ದಾಳೆ. ಮೆತ್ತಗಿನದ್ದೇನಾದರೂ ತಿನ್ನಿಸು. ನೀನು ಸಂಜೆಯ ಬಸ್ಸಿಗೆ ಹೊರಡು. ಯಾರೂ ಅಟ್ಟಿಸಿಕೊಂಡು ಬರುವುದಿಲ್ಲ. ಈ ಸಲದ ಕೋಸು ಮಾತ್ರ ಕೆಟ್ಟುಹೋಗುತ್ತದೆ, ಪೀಪಾಯಿಯ ಮೇಲೆ ಭಾರಕ್ಕೆ ಕಲ್ಲಿಲ್ಲ.

ದಾರಿ ಕಾಯುತ್ತಿರುವ ನಿನ್ನ ತಂಗಿ,
ತ್ಸೋನಾ

ಮರೆತಿದ್ದೆ: ಇದರೊಳಗೆ ಮಿಲ್ಕೋನ ಫೋಟೋ ಇದೆ, ಏಳು ವರ್ಷದವನಿದ್ದಾಗಿನದು, ನಗುತ್ತಿದ್ದಾನೆ. ಕಪ್ಪು ಅಂಚು ಹಾಕಿಸಿ ಅಚ್ಚು ಮಾಡಿಸಿಕೊಂಡು ಬಾ. ತಾರೀಖು ನಿನ್ನೆಯದು. ಇದನ್ನು ಗೇಟಿನ ಹೊರಗೇ ಅಂಟಿಸೋಣ. ಬಾಣಲೆ ಎತ್ತಲಾಗದ ಕೈಗೆ ಆ ಕಲ್ಲು ಹೇಗೆ ಬಂತೋ ನನಗೆ ಗೊತ್ತಿಲ್ಲ ಅಕ್ಕ, ಹೆತ್ತವಳು ನಾನು. ಪೊಲೀಸರಿಗೆ ನಾನೇ ಹೇಳುತ್ತೇನೆ. ಮೊದಲು ನೀನು ಬಾ, ಎದುರು ಬದುರು ಕೂತು ಒಂದು ಕಾಫಿ ಕುಡಿಯೋಣ.