ಯಾವ ನಾಟಕಕ್ಕೆ ಈ ಪರದೆ?

ಮಾರ್ಚ್ ೪, ಬುಧವಾರ, ಬೆಳಿಗ್ಗೆ

ಇವತ್ತೂ ಅದೇ. ಕುಂಚ ಅದ್ದಿದೆ. ನಿಂತೆ. ಪರದೆ ನನ್ನನ್ನು ನೋಡಿತು, ನಾನು ಪರದೆಯನ್ನು. ಇಬ್ಬರಿಗೂ ಮಾತು ಮರೆತಿತ್ತು. ಪಕ್ಕದಲ್ಲಿ ನಿಂತು ಮಾತು ಎತ್ತಿಕೊಡಲು ಯಾರೂ ಇಲ್ಲ... ಕುಂಚ ತೊಳೆದಿಟ್ಟೆ.

ಹಳೆಯ ಬೆಡ್‌ಶೀಟುಗಳನ್ನು ಸೇರಿಸಿ ಹೊಲಿದ ಬಟ್ಟೆ, ನಡುಮನೆಯ ಗೋಡೆ ತುಂಬ. ಅದರ ಮೇಲೊಂದು ಬೀದಿ. ಸಾಲು ಮನೆ, ಕಿಟಕಿ, ದೀಪದ ಕಂಬ. ಮೂಲೆಯ ಮನೆ ಮಾತ್ರ ಕಪ್ಪಾಗಿ ಉಳಿದಿದೆ. ಅಲ್ಲಿಗೆ ಏನು ಬರೆಯಬೇಕೋ ಹೊಳೆಯುತ್ತಿಲ್ಲ. ನಮ್ಮ ನಾಟಕ ಕಂಪನಿಯ ಪರದೆಗಳನ್ನೆಲ್ಲ ಬರೆದವನು ಸೋದರಮಾವ. ಅವನಿಗೆ ಬಣ್ಣ ಕಲಸಿಕೊಡುತ್ತ ಬೆಳೆದವಳು ನಾನು. ಕಂಪನಿ ಹೋಯಿತು. ಮಾವನೂ ಹೋದ. ಕೈ ಮಾತ್ರ ಕೇಳುವುದಿಲ್ಲ.

ಇವರು ಪೇಪರಿನಿಂದ ತಲೆ ಎತ್ತದೆ ಕೇಳಿದರು: "ಅಲ್ಲ ಕಣೇ, ಯಾವ ನಾಟಕಕ್ಕೆ ಇದು?"

"ಯಾವ ನಾಟಕಕ್ಕೂ ಅಲ್ಲ!"

"ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿದ್ರಂತೆ."

"ಹೊಲೀತೀನಿ! ಕುಲಾವಿ ಚೆನ್ನಾಗಿದ್ರೆ ಕೂಸು ತಾನಾಗೇ ಓಡಿ ಬರುತ್ತೆ!"

ಪಕ್ಕದ ಮನೆಯ ನಾಯಿ ಬೊಗಳಿತು. ಚಪ್ಪಾಳೆ ಎಂದುಕೊಂಡೆ.

ಮಾರ್ಚ್ ೫

ನಾನು ಕೆಲಸ ಮಾಡುವ ಆಸ್ಪತ್ರೆಯಲ್ಲಿ ಟೋಕನ್ ಕೂಗುವ ಮೈಕ್ ಕೆಟ್ಟಿತು. ಕೆಡಲಿ! ಎದ್ದು ನಿಂತೆ. "ನಲವತ್ತೊಂದು! ಕಣ್ಣಿನ ವಿಭಾಗ!" ಎಂದೆ. ಕುಂಟುತ್ತ ಬಂದಿದ್ದವರೊಬ್ಬರು ನೆಟ್ಟಗೆ ನಡೆದು ಹೋದರು. ಡಾಕ್ಟರ್ ಬಾಗಿಲಿನಿಂದ ಇಣುಕಿ, "ಮೇಡಂ, ಸ್ವಲ್ಪ ಮೆಲ್ಲಗೆ. ಒಳಗೆ ಬಿ.ಪಿ. ನೋಡ್ತಾ ಇದೀನಿ," ಎಂದರು.

ಸಂಜೆ ಮತ್ತೆ ಪರದೆಯ ಮುಂದೆ. ಛೇ! ಗೆರೆಯೋ ಹಗ್ಗವೋ? ದೀಪಗಳೆಲ್ಲ ಗೋಡೆಗೆ ಅರಿಸಿನ ಮೆತ್ತಿದ ಹಾಗೆ.

ಅಮ್ಮ—ಒಂದು ಕಾಲಕ್ಕೆ ರಂಗದ ಮೇಲೆ ಪಟ್ಟದ ರಾಣಿ, ಈಗ ನನ್ನ ಮನೆಯ ರಾಜಮಾತೆ—ಕುರ್ಚಿಯಿಂದಲೇ ಕೇಳಿದಳು: "ಕೊನೇ ಸಾಲಿನವ್ರಿಗೆ ಕಾಣುತ್ತೇನೇ?"

"ಇಲ್ಲಿ ಕೊನೇ ಸಾಲು ಎಲ್ಲಮ್ಮ? ಸೋಫಾ ದಾಟಿದ್ರೆ ಅಡುಗೆಮನೆ."

ಮಾರ್ಚ್ ೧೧

ಬರೆದಿಲ್ಲ. ಬಣ್ಣದ ಡಬ್ಬಿಯ ಮೇಲೆ ಕೆನೆ ಕಟ್ಟಿದೆ.

ಭಾನುವಾರ ಮನೆಗೆ ಪೇಂಟಿಂಗ್. ಅಳತೆ ನೋಡಲು ಪೇಂಟರ್ ಬಂದಿದ್ದ. ನೆಲದ ಮೇಲೆ ಬಣ್ಣ ಬೀಳದಂತೆ ಹಾಸಲು ದೊಡ್ಡ ಹಳೇ ಬಟ್ಟೆ ಬೇಕಂತೆ. ಪರದೆಯನ್ನು ಮೇಲಿಂದ ಕೆಳಗೆ ನೋಡಿದ.

"ಇದೇ ಆಗುತ್ತಲ್ಲ ಅಮ್ಮಾವ್ರೇ. ಆಗ್ಲೇ ಬಣ್ಣ ಬಿದ್ಬಿಟ್ಟಿದೆ."

ಎದೆಗೆ ಈಟಿ ನೆಟ್ಟ ಹಾಗಾಯಿತು. ಆದರೆ ಅವನು ಹೇಳಿದ್ದರಲ್ಲಿ ಸುಳ್ಳೇನು? "ತಗೋ! ಹಾಸು! ತುಳಿ!" ಎಂದು ಅಬ್ಬರಿಸಿದೆ. ಪಾಪ, ಹೆದರಿ ಟೇಪು ಬಿಟ್ಟು ಹೋದ.

ಅಮ್ಮ: "ಮಾತು ಚೆನ್ನಾಗಿ ಒಪ್ಪಿಸಿದೆ. ಒಂದಕ್ಷರಾನೂ ನಂಬೋ ಹಾಗಿರ್ಲಿಲ್ಲ."

ಮಾರ್ಚ್ ೧೪, ಶನಿವಾರ, ಸಂಜೆ

ಕಾಫಿ ಆರುತ್ತಿದೆ. ಆರಲಿ!

ಬಸ್ಸಿಳಿದೆ, ನಮ್ಮ ಕಟ್ಟಡದ ಎದುರಿನ ಸ್ಟಾಪಿನಲ್ಲಿ. ತಲೆ ಎತ್ತಿದೆ. ನಾಳೆ ಪೇಂಟರಿಗೆ ಕೊಡಬೇಕಲ್ಲ ಎಂದು ಇವರು ಪರದೆಯನ್ನು ಧೂಳು ಕೊಡವಿ ತಾರಸಿಯ ಕಂಬಿಯಿಂದ ಇಳಿಬಿಟ್ಟಿದ್ದರು. ಅಲ್ಲಿ—ಬೀದಿ! ಹಗ್ಗದಂಥ ಗೆರೆಗಳು ಕಿಟಕಿಯ ಚೌಕಟ್ಟಾಗಿ ನಿಂತಿವೆ. ಅರಿಸಿನ ಹೋಗಿ ಬೆಳಕಾಗಿದೆ. ಎಲಾ ದಡ್ಡಿ! ಮಾವ ಕಲಿಸಿದ್ದೇ ಕೊನೆಯ ಸಾಲಿಗೆ ಬರೆಯುವುದನ್ನು. ಕೈ ಅದನ್ನೇ ಮಾಡಿದೆ. ನಾನು ಮಾತ್ರ ಸೋಫಾ ಪಕ್ಕ ನಿಂತು, ಮೂಗು ತಾಗಿಸಿ, ಇಷ್ಟು ದಿನ ಅದಕ್ಕೆ ಶಾಪ ಹಾಕುತ್ತಿದ್ದೆ.

ಸ್ಟಾಪಿನಲ್ಲಿ ಕಾಯುತ್ತಿದ್ದವರೂ ಮೇಲೆ ನೋಡುತ್ತಿದ್ದರು. ಫ್ಯಾಕ್ಟರಿಯ ಸಮವಸ್ತ್ರ ತೊಟ್ಟ ಹೆಂಗಸು ಎಂದಳು: "ಆ ಮೂಲೆ ಮನೇಲಿ ಯಾರೂ ಇಲ್ಲ ಅನ್ಸುತ್ತೆ. ದೀಪಾನೇ ಇಲ್ಲ."

ಪಕ್ಕದಲ್ಲಿ ಚೀಲ ಹಿಡಿದ ಮುದುಕರು: "ಇದಾರೆ. ಇನ್ನೂ ಬಂದಿಲ್ಲ ಅಷ್ಟೇ."

"ಇಷ್ಟೊತ್ತಾದ್ರೂ?"

"ಬಸ್ ಸಿಕ್ಕಿರಲ್ಲ ಕಣಮ್ಮ. ನಮ್ ಹಾಗೆ."

ಅವಳು ನಕ್ಕಳು. ನಾನು ನಗಲಿಲ್ಲ. ಇಷ್ಟು ದಿನ ಹೊಳೆಯದ ಮೂಲೆ ಮನೆ! ಅದರ ಬಾಗಿಲಲ್ಲಿ ಯಾರೋ ಈಗಷ್ಟೇ ಚೀಲ ಕೆಳಗಿಟ್ಟು ಬೀಗಕ್ಕೆ ಕೈ ಹಾಕಿದ್ದಾರೆ... ಅಷ್ಟು ಸಾಕು!

ಮೆಟ್ಟಿಲು ಹತ್ತಿದ ರಭಸಕ್ಕೆ ಇವರು ಗಾಬರಿ.

"ಅದನ್ನ ಮುಟ್ಟಬೇಡಿ!"

"ತುಳಿ ಅಂದೋಳು ನೀನೇ ಅಲ್ವೇನೇ?"

"ಅದು ಮೊದಲನೇ ಅಂಕ!"

ಮಾರ್ಚ್ ೧೫, ಭಾನುವಾರ, ಬೆಳಿಗ್ಗೆ

ತಾರಸಿಯಲ್ಲಿದ್ದೇನೆ. ಪರದೆಯ ಮೂಲೆಯನ್ನು ಮೇಲಕ್ಕೆಳೆದುಕೊಂಡು, ಬಣ್ಣ ಬಳಿದು, ಮತ್ತೆ ಇಳಿಬಿಡುವುದು. ಮೊದಲ ಪದರ ಒಣಗುವಷ್ಟರಲ್ಲಿ ಇಷ್ಟು ಗೀಚುತ್ತಿದ್ದೇನೆ. ಪುಟಕ್ಕೂ ಹಳದಿ ಅಂಟಿತು.

ಪೇಂಟರ್ ಬಂದ. "ಅಮ್ಮಾವ್ರೇ, ಹಾಸೋ ಬಟ್ಟೆ?" ಕೆಳಗೋಡಿ ಮಂಚದ ಮೇಲಿನ ಹೊಸ ಬೆಡ್‌ಶೀಟನ್ನೇ ಎಳೆದುಕೊಟ್ಟೆ. ಇವರು ಬಾಯಿ ತೆರೆದರು. ನೋಡಿದೆ. ಮುಚ್ಚಿಕೊಂಡರು. ಆಮೇಲೆ, ಏನನ್ನಿಸಿತೋ, ಅಮ್ಮನನ್ನು ಮೆಲ್ಲಗೆ ಕೈಹಿಡಿದು ರಸ್ತೆ ದಾಟಿಸಿ ಬಸ್ ಸ್ಟಾಪಿನ ಬೆಂಚಿನ ಮೇಲೆ ಕೂರಿಸಿದರು. ಅಂತೂ ಸಿಕ್ಕಿತು, ಕೊನೆಯ ಸಾಲು!

"ಏನೂ ಕಾಣ್ತಿಲ್ಲ ಕಣೇ!" ರಾಣಿಯ ಕಂಠ, ಹಾರ್ನುಗಳನ್ನೆಲ್ಲ ಸೀಳಿಕೊಂಡು. "ಇನ್ನೂ ದಪ್ಪ!"

ಜೊತೆಗೆ ಗುರುತಿಲ್ಲದ ದನಿಗಳು: "ಚೀಲ ಕಾಣ್ತಿದೆ ಮೇಡಂ! ದೀಪ ಹಾಕಿ, ದೀಪ!"

ಈಗ ಮೆಟ್ಟಿಲಲ್ಲಿ ಕಟ್ಟಡದ ಸೆಕ್ರೆಟರಿಯ ಏದುಸಿರು. "ಯಾರ್ರೀ ಅದು? ಯಾರನ್ನ ಕೇಳಿ ಇಳಿಬಿಟ್ರಿ? ಯಾವ ನಾಟಕಕ್ಕೆ ಇದು?"

ಬರಲಿ. ಕಂಬಿ ಹಿಡಿದು ಕೆಳಗೆ ನೋಡಲಿ. ಈ ಕುಲಾವಿಯ ಕೂಸು ಅಲ್ಲಿ ಬಸ್ಸಿಗೆ ಕಾಯುತ್ತಿದೆ.

ಬೆರಳಿಟ್ಟು ನೋಡಿದೆ. ಒಣಗಿದೆ. ಇನ್ನು ಆ ಕಿಟಕಿಗೆ—